ಸಂಪಾದಕರ ಉತ್ತರ: ಮನಿಲಾದ ಮೇಯರನ್ನು ಇಳಿಸಿದವರು ಯಾರು?

ಓದುಗರ ಪತ್ರ: "ಫಿಲಿಪ್ಪೀನ್ಸಿನ ಮನಿಲಾ ನಗರದ ಮೇಯರ್ ಚುನಾವಣೆಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ. ನನ್ನ ಮೊಮ್ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳು ಕಳುಹಿಸಿದ ಚಿತ್ರಗಳನ್ನು ನೋಡಿದರೆ ಬೀದಿ ತುಂಬ ಸಿನಿಮಾ ನಟರ ಮುಖಗಳು, ಅಪ್ಪ-ಮಗಳು, ಅಪ್ಪ-ಮಗನ ಮುಖಗಳು. ಸೋತವರು, ಗೆದ್ದವರು ಎಲ್ಲರೂ ಅದೇ ನಾಲ್ಕಾರು ಮನೆಯವರು. ನೀವೋ ಇದನ್ನು ಪ್ರಜಾಪ್ರಭುತ್ವದ ಹಬ್ಬವೆಂಬಂತೆ ಬರೆದಿದ್ದೀರಿ. ನಗರಕ್ಕೆ ಬೇಕಾದದ್ದು ನೀರು, ಚರಂಡಿ, ಕಸ ವಿಲೇವಾರಿ. ಅದಕ್ಕೆ ಒಬ್ಬ ದಕ್ಷ ಆಯುಕ್ತರು ಸಾಕಲ್ಲವೇ? ಮೇಯರನ್ನು ಜನರೇ ನೇರವಾಗಿ ಆರಿಸುವ ಈ ಗದ್ದಲದಿಂದ ಆ ಊರಿಗೆ ಆದ ಲಾಭವೇನು?" (ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ, ಹೆಸರು ಬೇಡವೆಂದಿದ್ದಾರೆ.)

ಮಾನ್ಯರೇ,

ನಮಗೆ ಬರುವ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು 'ಲೇಖನ ಚೆನ್ನಾಗಿತ್ತು' ಎಂಬಲ್ಲಿಗೆ ಮುಗಿಯುತ್ತವೆ. ತಾವು ಒಪ್ಪದೆ ಬರೆದಿದ್ದೀರಿ, ಅದೂ ಲೇಖನವನ್ನು ಕೊನೆಯವರೆಗೆ ಓದಿದ ಮೇಲೆ ಬರೆದಿದ್ದೀರಿ. ಸಂಪಾದಕನಾದವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೀಗಾಗಿ ಉತ್ತರ ಸ್ವಲ್ಪ ಉದ್ದವಾದರೆ ತಾವು ಸಹಿಸಿಕೊಳ್ಳಬೇಕು.

ಮನೆತನಗಳ ವಿಷಯದಲ್ಲಿ ತಮ್ಮ ಮಾತನ್ನು ಒಪ್ಪುತ್ತೇನೆ. ಫಿಲಿಪ್ಪೀನ್ಸಿನ 1987ರ ಸಂವಿಧಾನವೇ ರಾಜಕೀಯ ವಂಶಾಡಳಿತವನ್ನು ನಿಷೇಧಿಸುತ್ತದೆ. ಆದರೆ ವಂಶಾಡಳಿತ ಎಂದರೇನು ಎಂಬುದನ್ನು ಕಾನೂನಿನ ಮೂಲಕ ವಿವರಿಸುವ ಹೊಣೆಯನ್ನು ಅದು ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿಗೆ ಬಿಟ್ಟಿತು, ಆ ಕಾಂಗ್ರೆಸ್ಸಿನಲ್ಲಿ ಕುಳಿತವರಲ್ಲಿ ಬಹಳ ಮಂದಿ ಅಂಥ ಮನೆತನಗಳವರೇ ಆಗಿದ್ದರಿಂದ ಮೂರೂವರೆ ದಶಕ ಕಳೆದರೂ ಮೇಯರ್, ಗವರ್ನರ್ ಸ್ಥಾನಗಳಿಗೆ ಅನ್ವಯಿಸುವ ಕಾನೂನು ಹುಟ್ಟಲಿಲ್ಲ. 2025ರ ಮನಿಲಾ ಕಣವನ್ನೇ ನೋಡಿ. ಹಾಲಿ ಮೇಯರ್ ಹನಿ ಲಾಕುನಾ ಮಾಜಿ ಉಪಮೇಯರ್ ಡ್ಯಾನಿ ಲಾಕುನಾ ಅವರ ಮಗಳು. ಅವರನ್ನು ಸೋಲಿಸಿದ ಇಸ್ಕೊ ಮೊರೆನೊ ಅವರ ಜೊತೆ ಉಪಮೇಯರ್ ಆಗಿ ಗೆದ್ದ ಚಿ ಅತಿಯೆನ್ಸಾ ಮಾಜಿ ಮೇಯರ್ ಲಿಟೊ ಅತಿಯೆನ್ಸಾ ಅವರ ಮಗಳು. ಇಸ್ಕೊ ಅವರ ಮಗ ಅದೇ ದಿನ ನಗರಸಭೆಗೆ ಆಯ್ಕೆಯಾದರು. ಮತಕ್ಕೆ ಹಣ ಹಂಚುವ ಚಾಳಿಯೂ ಅಲ್ಲಿ ಹೊಸದಲ್ಲ. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ತಮ್ಮ ಪತ್ರ ಇಲ್ಲಿಗೇ ನಿಂತುಬಿಟ್ಟಿದೆ.

ತಾವು ಗಮನಿಸದೆ ಬಿಟ್ಟ ಸಂಗತಿ ಒಂದಿದೆ. 2013ರಲ್ಲಿ ಮನಿಲಾದ ಹಾಲಿ ಮೇಯರ್ ಆಲ್ಫ್ರೆಡೊ ಲಿಮ್. ಪೊಲೀಸ್ ಅಧಿಕಾರಿಯಾಗಿದ್ದು, ಮಾದಕ ವಸ್ತು ಮಾರುವವರೆಂದು ಶಂಕಿಸಿದವರ ಮನೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ ಹೆಸರು ಮಾಡಿದ ಗಟ್ಟಿ ಮನುಷ್ಯ. ಅವರನ್ನು ಮನಿಲಾದ ಜನ ಇಳಿಸಿ, ದೇಶದ ಅಧ್ಯಕ್ಷರಾಗಿ ಪದಚ್ಯುತರಾಗಿದ್ದ ಜೋಸೆಫ್ ಎಸ್ಟ್ರಾಡಾ ಅವರನ್ನು ಕೂರಿಸಿದರು. 2016ರಲ್ಲಿ ಇವರಿಬ್ಬರೂ ಮತ್ತೆ ಎದುರಾದಾಗ ಎಸ್ಟ್ರಾಡಾ ಉಳಿದುಕೊಂಡದ್ದು ಮೂರು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಇಬ್ಬರೂ ಎರಡೂಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಮತ ಪಡೆದಿದ್ದರು ಎಂಬುದನ್ನು ನೆನೆದರೆ ಆ ಅಂತರ ಎಷ್ಟು ತೆಳುವೆಂದು ತಿಳಿಯುತ್ತದೆ. 2019ರಲ್ಲಿ ಅದೇ ಎಸ್ಟ್ರಾಡಾ ಅವರನ್ನು ಒಂದೂವರೆ ಲಕ್ಷದಷ್ಟು ಮತಗಳಿಂದ ಇಸ್ಕೊ ಸೋಲಿಸಿದರು. 2022ರಲ್ಲಿ ಇಸ್ಕೊ ಅಧ್ಯಕ್ಷ ಪದವಿಗೆ ನಿಂತು ನಾಲ್ಕನೆಯವರಾದರು. ಅವರ ಉಪಮೇಯರ್ ಆಗಿದ್ದ, ವೃತ್ತಿಯಿಂದ ವೈದ್ಯೆಯಾದ ಹನಿ ಲಾಕುನಾ ಐದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮತ ಪಡೆದು ಮನಿಲಾದ ಮೊದಲ ಮಹಿಳಾ ಮೇಯರ್ ಆದರು. ಮೂರೇ ವರ್ಷದ ಬಳಿಕ, 2025ರ ಮೇ 12ರಂದು, ಅವರಿಗೆ ಬಂದದ್ದು ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ ಮತ. ಹಿಂದಿರುಗಿ ಬಂದ ಇಸ್ಕೊ ಅವರಿಗೆ ಸುಮಾರು ಐದು ಲಕ್ಷ ಮೂವತ್ತು ಸಾವಿರ.

ಹಾಲಿ ಮೇಯರ್ ಕಣದಲ್ಲಿದ್ದ ನಾಲ್ಕು ಚುನಾವಣೆಗಳಲ್ಲಿ ಮೂರರಲ್ಲಿ ಹಾಲಿ ಮೇಯರ್ ಸೋತಿದ್ದಾರೆ. ಮನೆತನಗಳ ಹಿಡಿತವೇ ಎಲ್ಲವೂ ಆಗಿದ್ದರೆ ಇದು ಹೇಗೆ ನಡೆಯುತ್ತಿತ್ತು? ಪದವಿಯಲ್ಲಿ ಕುಳಿತವರ ಕೈಯಲ್ಲಿ ಸಿಬ್ಬಂದಿ, ಗುತ್ತಿಗೆ, ಕೊಡುಗೆಗಳು ಎಲ್ಲವೂ ಇದ್ದವು. ಆದರೂ ಮತದಾರ ಅವರನ್ನು ಮನೆಗೆ ಕಳುಹಿಸಿದ.

ಲಾಕುನಾ ಸೋತದ್ದೇಕೆ ಎಂಬುದು ತಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಕೊಡುತ್ತದೆ. 2025ರ ಹೊಸ ವರ್ಷ ಹುಟ್ಟಿದಾಗ ಮನಿಲಾದ ಬೀದಿಗಳಲ್ಲಿ ಕಸ ರಾಶಿ ಬಿದ್ದಿತ್ತು. ಹಳೆಯ ಗುತ್ತಿಗೆದಾರರಿಗೆ ನಗರಾಡಳಿತ ಬಾಕಿ ಉಳಿಸಿಕೊಂಡಿದೆ ಎಂಬ ಆರೋಪ ಒಂದು ಕಡೆ; ಹೊಸ ಗುತ್ತಿಗೆದಾರರು ಕೆಲಸ ಆರಂಭಿಸುವ ಹೊತ್ತಿನ ಗೊಂದಲ ಇನ್ನೊಂದು ಕಡೆ. ಹಿಂದಿನ ಆಡಳಿತ ಮಾಡಿಟ್ಟ 1,780 ಕೋಟಿ ಪೆಸೊ ಸಾಲ ತನ್ನ ತಲೆಯ ಮೇಲೆ ಬಿತ್ತೆಂದು ಲಾಕುನಾ ಹೇಳಿದರು. ಆ ಮಾತು ಪೊಳ್ಳೇನೂ ಅಲ್ಲ. ಇಸ್ಕೊ ಕಾಲದ ಬಹುಮಹಡಿ ವಸತಿಗಳಿಗೂ ಹೊಸ ಆಸ್ಪತ್ರೆಗೂ ಸಾಲದ ಹಣವೇ ಆಧಾರವಾಗಿತ್ತು. ನನ್ನನ್ನು ಕೇಳಿದರೆ, ಲೆಕ್ಕದ ಪುಸ್ತಕದಲ್ಲಿ ಲಾಕುನಾ ಅವರ ವಾದಕ್ಕೆ ತೂಕವಿತ್ತು. ಆದರೆ ಮತದಾರ ಲೆಕ್ಕದ ಪುಸ್ತಕಕ್ಕಿಂತ ಮೊದಲು ತನ್ನ ಬಾಗಿಲ ಮುಂದಿನ ಕಸವನ್ನು ನೋಡುತ್ತಾನೆ. ಡಿವಿಸೋರಿಯಾ ಮಾರುಕಟ್ಟೆಯ ರಸ್ತೆಗಳನ್ನು 2019ರಲ್ಲಿ ಇಸ್ಕೊ ಬಂದ ಹೊಸತರಲ್ಲೇ ತೆರವುಗೊಳಿಸಿ ವಾಹನ ಓಡುವಂತೆ ಮಾಡಿದ್ದು, ಹಿರಿಯ ನಾಗರಿಕರಿಗೆ ತಿಂಗಳಿಗೆ 500 ಪೆಸೊ ಭತ್ಯೆ ತಂದದ್ದು, ಇವೆಲ್ಲ ಜನರ ನೆನಪಿನಲ್ಲಿ ಉಳಿದಿದ್ದವು. ತೆರವಿನಿಂದ ಹೊಟ್ಟೆಯ ಮೇಲೆ ಹೊಡೆತ ತಿಂದ ಬೀದಿ ವ್ಯಾಪಾರಿಗಳೂ ಅದನ್ನು ಮರೆತಿರಲಾರರು. ತಾವು ಹೇಳುವ ನೀರು, ಚರಂಡಿ, ಕಸ ವಿಲೇವಾರಿಯೇ ಆ ಚುನಾವಣೆಯ ವಿಷಯವಾಗಿತ್ತು, ಮೇಷ್ಟ್ರೇ. ಜೂನ್ 30ರಂದು ಅಧಿಕಾರ ವಹಿಸಿಕೊಂಡ ಇಸ್ಕೊ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕಸದ ಕಾರಣಕ್ಕೆ ನಗರದಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ್ದು.

'ಸಿನಿಮಾ ನಟರು' ಎಂದು ತಾವು ಮೂಗು ಮುರಿದಿದ್ದೀರಿ. ಇಸ್ಕೊ ಅವರ ನಿಜ ಹೆಸರು ಫ್ರಾನ್ಸಿಸ್ಕೊ ಡೊಮಾಗೊಸೊ. ಹುಟ್ಟಿ ಬೆಳೆದದ್ದು ಮನಿಲಾದ ಟೊಂಡೊ ಬಡಾವಣೆಯಲ್ಲಿ, ಬಂದರಿನಲ್ಲಿ ಮೂಟೆ ಹೊರುತ್ತಿದ್ದವರೊಬ್ಬರ ಮಗನಾಗಿ. ಹುಡುಗನಾಗಿದ್ದಾಗ ಕಸದಲ್ಲಿ ಕಾಗದ, ಸೀಸೆ ಆಯ್ದು ಮಾರುತ್ತಿದ್ದ, ಹೋಟೆಲುಗಳು ಹೊರಗೆಸೆದ ಆಹಾರವನ್ನು ಮತ್ತೆ ಬೇಯಿಸಿ ತಿಂದಿದ್ದ ಕಥೆಯನ್ನು ಅವರು ಪ್ರತಿ ವೇದಿಕೆಯಲ್ಲೂ ಹೇಳುತ್ತಾರೆ. ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಾರೆ ಎನ್ನಿ. ದೂರದರ್ಶನಕ್ಕೂ ಸಿನಿಮಾಕ್ಕೂ ಹೋದರು, 1998ರಲ್ಲಿ ನಗರಸಭೆಯ ಸದಸ್ಯರಾದರು, ಆಮೇಲೆ ಒಂಬತ್ತು ವರ್ಷ ಉಪಮೇಯರ್ ಆಗಿದ್ದರು. ಇದು ಕುಟುಂಬ ಕೊಟ್ಟ ಪದವಿಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದು. ಇನ್ನು ಮುಖದ ಬಲವೊಂದೇ ಸಾಕಾಗಿದ್ದರೆ, ಅದೇ ದಿನ ಉಪಮೇಯರ್ ಸ್ಥಾನ ಕಳೆದುಕೊಂಡ ಯುಲ್ ಸೆರ್ವೊ ಕೂಡ ನಟರೇ. ಮೇಯರ್ ಸ್ಥಾನಕ್ಕೆ ನಿಂತು ಎಲ್ಲೋ ಹಿಂದೆ ಉಳಿದ ರೇಮಂಡ್ ಬಗಾತ್ಸಿಂಗ್ ಕೂಡ ನಟರೇ. ಟಿವಿಯ ಪರಿಚಿತ ಮುಖವೂ ಶ್ರೀಮಂತ ಉದ್ಯಮಿಯೂ ಆದ ಸ್ಯಾಮ್ ವೆರ್ಜೊಸಾ ಮೂರನೆಯವರಾದರು. ತಮ್ಮ ಮೊಮ್ಮಗಳು ಚಿತ್ರ ತೆಗೆದ ಬೀದಿಯ ತೋರಣದಲ್ಲಿ ಈ ಸೋತ ಮುಖಗಳೂ ಇದ್ದಿರಬೇಕು.

ಅಲ್ಲಿಯ ಮೇಯರ್ ಹುದ್ದೆಗೆ ಇಷ್ಟು ಪೈಪೋಟಿ ಏಕೆಂದರೆ ಆ ಹುದ್ದೆಗೆ ನಿಜವಾದ ಕೆಲಸವಿದೆ. ಮನಿಲಾ ನಗರದ ವಿಸ್ತೀರ್ಣ ನಲವತ್ತಮೂರು ಚದರ ಕಿಲೋಮೀಟರಿನಷ್ಟು, ಜನ 2020ರ ಗಣತಿಯಂತೆ ಹದಿನೆಂಟು ಲಕ್ಷಕ್ಕೂ ಹೆಚ್ಚು. (ಮೆಟ್ರೊ ಮನಿಲಾ ಎಂದು ನಾವು ಒಟ್ಟಾಗಿ ಕರೆಯುವಲ್ಲಿ ಹದಿನಾರು ನಗರಗಳಿವೆ, ಪ್ರತಿಯೊಂದಕ್ಕೂ ಜನರೇ ಆರಿಸಿದ ಮೇಯರ್ ಇದ್ದಾರೆ.) ಈ ಒಂದು ನಗರದ ಆಡಳಿತವೇ ಆರು ಆಸ್ಪತ್ರೆಗಳನ್ನು, ಎರಡು ವಿಶ್ವವಿದ್ಯಾಲಯಗಳನ್ನು ನಡೆಸುತ್ತದೆ. 1991ರ ಸ್ಥಳೀಯ ಸರ್ಕಾರ ಸಂಹಿತೆಯ ಪ್ರಕಾರ ರಾಷ್ಟ್ರದ ತೆರಿಗೆಯಲ್ಲಿ ಶೇ. 40ರಷ್ಟು ಸ್ಥಳೀಯ ಸರ್ಕಾರಗಳಿಗೆ ಸೇರಬೇಕು. ಅದರಲ್ಲಿ ಯಾವ ಯಾವ ತೆರಿಗೆ ಸೇರಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2018ರ ತೀರ್ಪಿನಿಂದ ಆ ಪಾಲು ಇನ್ನಷ್ಟು ಹಿಗ್ಗಿತು. ಮೇಯರ್ ಅವಧಿ ಮೂರು ವರ್ಷ, ಒಬ್ಬರೇ ಸತತವಾಗಿ ಮೂರು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಉಪಮೇಯರನ್ನು ಜನ ಬೇರೆಯಾಗಿಯೇ ಆರಿಸುತ್ತಾರೆ. ನಗರಸಭೆಯ ಅಧ್ಯಕ್ಷತೆ ಅವರದು.

ಇನ್ನು ತಮ್ಮ 'ದಕ್ಷ ಆಯುಕ್ತ'. ಮನಿಲಾ ಇದನ್ನು ಪ್ರಯೋಗ ಮಾಡಿ ನೋಡಿದ ಊರು. 1951ರವರೆಗೆ ಅಲ್ಲಿಯ ಮೇಯರನ್ನು ನೇಮಿಸುತ್ತಿದ್ದವರು ದೇಶದ ಅಧ್ಯಕ್ಷರು. ಆ ವರ್ಷ ಮೊದಲ ಸಲ ಜನ ಮತ ಹಾಕಿ ಗೆಲ್ಲಿಸಿದ್ದು ಆರ್ಸೆನಿಯೊ ಲ್ಯಾಕ್ಸನ್ ಎಂಬ ಪತ್ರಕರ್ತರನ್ನು. (ಸಂಪಾದಕನಾದ ನನಗೆ ಅವರ ಮೇಲೆ ಒಂದಿಷ್ಟು ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ.) ಒರಟು ಮಾತಿನ ಅಂಕಣಕಾರ, ಅವರ ರೇಡಿಯೊ ಮಾತುಗಳನ್ನು ಸಹಿಸಲಾಗದೆ ಅಧ್ಯಕ್ಷ ರೋಕ್ಸಾಸ್ 1947ರಲ್ಲಿ ಅವರನ್ನು ರೇಡಿಯೊದಿಂದಲೇ ದೂರವಿಟ್ಟಿದ್ದರು. ಮೇಯರ್ ಆದ ಮೇಲೂ ಅವರ ನಾಲಿಗೆ ತಗ್ಗಲಿಲ್ಲ. ಮಾನನಷ್ಟ ಮೊಕದ್ದಮೆಯೊಂದನ್ನು ಮುಂದಿಟ್ಟು ಅಧ್ಯಕ್ಷ ಕಿರಿನೊ 1952ರಲ್ಲಿ ಅವರನ್ನು ಅಮಾನತು ಮಾಡಿದರು. 1953ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಅಮಾನತನ್ನು ತಳ್ಳಿಹಾಕಿ, ಜನ ಆರಿಸಿದ ಮೇಯರನ್ನು ಅಧ್ಯಕ್ಷರ ಮರ್ಜಿಯಂತೆ ಕದಲಿಸಲು ಬಾರದು ಎಂದು ಎತ್ತಿಹಿಡಿಯಿತು. ಲ್ಯಾಕ್ಸನ್ ಮತ್ತೆ ಎರಡು ಸಲ ಗೆದ್ದರು, 1962ರಲ್ಲಿ ಪದವಿಯಲ್ಲಿರುವಾಗಲೇ ತೀರಿಕೊಂಡರು. ನೇಮಕಗೊಂಡ ಅಧಿಕಾರಿಯೊಬ್ಬರು ತಮ್ಮನ್ನು ನೇಮಿಸಿದ ಅಧ್ಯಕ್ಷರ ವಿರುದ್ಧ ಹಾಗೆ ನಿಂತದ್ದನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಆ ಹಕ್ಕಿಗೆ ಮನಿಲಾ ರಕ್ತದ ಬೆಲೆಯನ್ನೂ ಕೊಟ್ಟಿದೆ. 1971ರ ಆಗಸ್ಟ್ 21ರ ರಾತ್ರಿ ಕಿಯಾಪೊ ಚರ್ಚಿನ ಎದುರಿನ ಪ್ಲಾಸಾ ಮಿರಾಂಡಾದಲ್ಲಿ ಲಿಬರಲ್ ಪಕ್ಷದ ಚುನಾವಣಾ ಸಭೆ ನಡೆಯುತ್ತಿದ್ದಾಗ ವೇದಿಕೆಯ ಮೇಲೆ ಕೈಬಾಂಬುಗಳು ಬಿದ್ದವು. ಒಂಬತ್ತು ಜನ ಸತ್ತರು. ಮೇಯರ್ ಸ್ಥಾನದ ಅಭ್ಯರ್ಥಿ ರಾಮೋನ್ ಬಗಾತ್ಸಿಂಗ್ ಒಂದು ಕಾಲು ಕಳೆದುಕೊಂಡರು. ಆ ನವೆಂಬರಿನಲ್ಲಿ ಜನ ಅವರನ್ನು ಗೆಲ್ಲಿಸಿದರು. ಮರುವರ್ಷ ಅಧ್ಯಕ್ಷ ಮಾರ್ಕೋಸ್ ಸೈನಿಕ ಶಾಸನ ಹೇರಿದರು, ಸ್ಥಳೀಯ ಚುನಾವಣೆಗಳು ನಿಂತುಹೋದವು, 1980ರವರೆಗೆ ಮತ್ತೆ ನಡೆಯಲಿಲ್ಲ. ಬಗಾತ್ಸಿಂಗ್ 1986ರವರೆಗೂ ಆ ಪದವಿಯಲ್ಲಿದ್ದರು. ಅವರು ಕೆಟ್ಟ ಮೇಯರ್ ಆಗಿದ್ದರೆಂದು ನಾನು ಹೇಳುತ್ತಿಲ್ಲ. ಒಳ್ಳೆಯವರೋ ಕೆಟ್ಟವರೋ ಎಂದು ಹೇಳುವ ಅವಕಾಶವೇ ಎಂಟು ವರ್ಷ ಆ ಊರಿನವರಿಗೆ ಇರಲಿಲ್ಲ.

ಈಗ ತಾವು ಕೆಣಕಿರುವುದರಿಂದ ನಮ್ಮ ಮನೆಯ ಮಾತನ್ನೂ ಆಡಬೇಕಾಗಿದೆ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದಾಚೆಗೆ ಮನಿಲಾ 2022ರಲ್ಲಿ ಒಮ್ಮೆ, 2025ರಲ್ಲಿ ಒಮ್ಮೆ ಮತ ಹಾಕಿತು; ಎರಡನೆಯ ಸಲ ಅದು ಮತ ಹಾಕಿದ ದಿನವೂ ಬೆಂಗಳೂರಿಗೆ ಮೇಯರ್ ಇರಲಿಲ್ಲ, ಆಡಳಿತಾಧಿಕಾರಿಗಳೂ ಆಯುಕ್ತರೂ ಇದ್ದರು. ಮೇಯರ್ ಇದ್ದಾಗಲೂ ಒಂದೇ ವರ್ಷದ ಪದವಿ, ಸದಸ್ಯರೊಳಗಿನ ಆಯ್ಕೆ, ಹಣಕಾಸಿನ ಕೀಲಿ ಬೇರೆಯವರ ಕೈಯಲ್ಲಿ. ನಾನಿರುವ ಬೀದಿಯ ಚರಂಡಿಯ ಕಲ್ಲು ಮುರಿದು ಮಳೆಗಾಲಗಳು ಕಳೆದಿವೆ; ದೂರು ಕೊಟ್ಟರೆ ಸಂಖ್ಯೆ ಬರುತ್ತದೆ, ಕಲ್ಲು ಬರುವುದಿಲ್ಲ. ದಕ್ಷ ಅಧಿಕಾರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಒಳ್ಳೆಯವರು ಬಂದರೆ ಅವರ ವರ್ಗಾವಣೆಯ ಆದೇಶ ನಮ್ಮನ್ನು ಕೇಳದೆ ಬರುತ್ತದೆ, ಬೇಡವಾದವರು ಬಂದರೆ ಅವರು ಉಳಿಯುವುದೂ ನಮ್ಮನ್ನು ಕೇಳದೆಯೇ. ನಮ್ಮ ಪತ್ರಿಕೆಗಳ ಮೇಲೂ ನನಗೆ ಸಿಟ್ಟಿದೆ. ಫಿಲಿಪ್ಪೀನ್ಸಿನಲ್ಲಿ ಚಂಡಮಾರುತ ಬಂದರೆ ಮುಖಪುಟ, ಭೂಕಂಪವಾದರೆ ಮುಖಪುಟ. ಅಲ್ಲಿಯ ಒಂದು ನಗರ ತನ್ನ ಮೇಯರನ್ನು ಹೇಗೆ ಆರಿಸುತ್ತದೆ, ಹೇಗೆ ಇಳಿಸುತ್ತದೆ ಎಂಬುದಕ್ಕೆ ಒಂದು ಅಂಗುಲ ಜಾಗವಿಲ್ಲ. ಅದಕ್ಕೇ ನಾಲ್ಕು ಪುಟ ಕೊಟ್ಟೆ, ಮುಂದೆಯೂ ಕೊಡುತ್ತೇನೆ.

ಮನಿಲಾ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ಮೊದಲು ಕೇಳಿದ್ದು ಮ್ಯಾಗ್ಸೆಸೆ ಪ್ರಶಸ್ತಿಯಿಂದಾಗಿ ಇರಬೇಕು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಆ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಪ್ರಶಸ್ತಿಯನ್ನು 2000ದಲ್ಲಿ, ಸರ್ಕಾರಿ ಸೇವೆಗಾಗಿ, ಫಿಲಿಪ್ಪೀನ್ಸಿನ ನಾಗಾ ಎಂಬ ನಗರದ ಮೇಯರ್ ಆಗಿದ್ದ ಜೆಸ್ಸಿ ರೊಬ್ರೆಡೊ ಅವರಿಗೆ ಕೊಟ್ಟರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆತ ಪ್ರಭಾವಿ ರಾಜಕಾರಣಿಯೊಬ್ಬರ ಬಂಧುವಾಗಿ 1988ರಲ್ಲಿ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೇಯರ್ ಆದವರು. ಆಮೇಲೆ ಆ ಬಂಧುವಿನೊಂದಿಗೇ ಮುರಿದುಕೊಂಡರು, 1995ರಲ್ಲಿ ನಗರಸಭೆ ಒಪ್ಪಿದ ನಿಯಮದ ಮೂಲಕ ಊರಿನ ಸಂಘಸಂಸ್ಥೆಗಳ ಪ್ರತಿನಿಧಿಗಳನ್ನು ನಗರದ ತೀರ್ಮಾನಗಳೊಳಗೆ ತಂದರು. ತಾವು ಬೇಡವೆನ್ನುವ ಚುನಾವಣೆಯಿಂದಲೇ, ತಾವು ಬೇಡವೆನ್ನುವ ಮನೆತನದ ಬಾಗಿಲಿನಿಂದಲೇ ಒಳಗೆ ಬಂದವರು ಅವರು. 2012ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಪತ್ನಿ, ದೇಶದ ಉಪಾಧ್ಯಕ್ಷೆಯಾಗಿದ್ದ ಲೆನಿ ರೊಬ್ರೆಡೊ, 2025ರಲ್ಲಿ ಅದೇ ನಾಗಾದ ಮೇಯರ್ ಆದರು. ಇದೂ ಮನೆತನವೇ ಎಂದು ತಾವು ಹೇಳಬಹುದು, ಹೇಳಿ.

ಇಸ್ಕೊ ಅವರ ಸರದಿ 2028ರ ಮೇ ತಿಂಗಳಲ್ಲಿ ಬರುತ್ತದೆ. ಅಷ್ಟರೊಳಗೆ ಕಸ ಮತ್ತೆ ರಾಶಿ ಬಿದ್ದರೆ, ಸಾಲ ಇನ್ನೂ ಬೆಳೆದರೆ, ಮನಿಲಾದವರು ಏನು ಮಾಡಬೇಕೆಂದು ಅವರಿಗೆ ಅಭ್ಯಾಸವಾಗಿಹೋಗಿದೆ. ತಾವು ಮತ್ತೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಈ ಸಲ ಬರೆಯುವಾಗ, ತಾವು ಮೆಚ್ಚುವ ಆಯುಕ್ತರು ಊರಿಗೆ ಬೇಡವಾದಾಗ ಊರಿನವರು ಅವರನ್ನು ಯಾವ ದಾರಿಯಿಂದ ಇಳಿಸಬೇಕು ಎಂಬುದನ್ನೂ ವಿವರವಾಗಿ ಬರೆಯಿರಿ. ಪೂರ್ತಿಯಾಗಿ ಅಚ್ಚು ಹಾಕಿಸುತ್ತೇನೆ.

ಸಂಪಾದಕ