ಯಾತ್ರೆಗೆ ಮುಂಚೆ ಗಾಡಿಯ ಬೋರ್ಡು ಯಾವ ಬಣ್ಣದ್ದು ನೋಡಿ

ತೀರ್ಥಯಾತ್ರೆ, ಅಪಘಾತ, ವಿಮೆ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ನಮ್ಮ ವಿಮಾ ಸಲಹೆಗಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಪ್ರತಿ ವರ್ಷ ಬನದ ಹುಣ್ಣಿಮೆಗೆ ನಮ್ಮ ಓಣಿಯವರೆಲ್ಲ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಇದೆ ಅಂತ ಮಾಲೀಕರು ಹೇಳುತ್ತಾರೆ. ಏನಾದರೂ ಆದರೆ ನಮಗೂ ದುಡ್ಡು ಸಿಗುತ್ತದಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ವಿಮಾ ಕಂಪನಿಯಿಂದ ಸಿಗುತ್ತದೆ ಅಂತ ನಂಬಿ ಹತ್ತಬೇಡಿ. ಮಾಲೀಕರು ಸುಳ್ಳು ಹೇಳುತ್ತಿಲ್ಲ, ಟ್ರ್ಯಾಕ್ಟರಿಗೆ ವಿಮೆ ಇರಬಹುದು. ಆದರೆ ಅದು ಬೇಸಾಯದ ಕೆಲಸಕ್ಕೆ, ಸಾಮಾನು ಸಾಗಿಸುವುದಕ್ಕೆ ಮಾಡಿಸಿದ ವಿಮೆ. ಗೂಡ್ಸ್ ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಟಾಟಾ ಏಸ್, ಲಾರಿ, ಟ್ರಾಲಿ ಎಲ್ಲಕ್ಕೂ ಇದೇ ತೊಂದರೆ.

ಕೋರ್ಟು ಪರಿಹಾರ ಕೊಡಿ ಅಂದರೂ ಅದು ಕೊನೆಗೆ ಮಾಲೀಕರ ತಲೆಗೇ ಬರುತ್ತದೆ. ಅವರು ನಿಮ್ಮ ಓಣಿಯವರೇ ಅಲ್ವಾ? ಎರಡು ಎಕರೆ ಹೊಲ ಇರುವವರಿಂದ ಹತ್ತು ಲಕ್ಷ ವಸೂಲಿ ಮಾಡುವುದು ಹೇಗೆ? ಒಂದೇ ಅಪಘಾತಕ್ಕೆ ಎರಡು ಮನೆ ಬೀದಿಗೆ ಬರುತ್ತವೆ.

ಸುರಕ್ಷತೆಯ ಮಾತು ಬೇರೆಯೇ ಇದೆ. ಟ್ರಾಲಿಯಲ್ಲಿ ಸೀಟಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ, ಹಿಂದೆ ಕೆಂಪು ದೀಪವೂ ಎಷ್ಟೋ ಸಲ ಉರಿಯುವುದಿಲ್ಲ. ರಾತ್ರಿ ಹಿಂದಿನಿಂದ ಬರುವ ಲಾರಿಯವನಿಗೆ ಅದು ಕಾಣುವುದು ತೀರಾ ಹತ್ತಿರ ಬಂದಾಗ. ಪಾತ್ರೆ, ಸೌದೆ, ಅಕ್ಕಿ ಮೂಟೆ ಟ್ರಾಲಿಯಲ್ಲಿ ಹೋಗಲಿ. ಜನ ಬಸ್ಸಿನಲ್ಲಿ ಹೋಗಲಿ. ಓಣಿಯವರೆಲ್ಲ ಸೇರಿದರೆ ಸಾರಿಗೆ ಸಂಸ್ಥೆಯ ಬಸ್ಸನ್ನೇ ಒಪ್ಪಂದದ ಮೇಲೆ ಬಾಡಿಗೆಗೆ ತೆಗೆದುಕೊಳ್ಳಬಹುದು. ಡಿಪೋಗೆ ಹೋಗಿ ಕೇಳಿ.

ಪ್ರಶ್ನೆ: ಮನೆಯವರೆಲ್ಲ ತಿರುಪತಿಗೆ ಹೊರಟಿದ್ದೇವೆ. ಪರಿಚಯದವರೊಬ್ಬರ ವೈಟ್ ಬೋರ್ಡ್ ಇನ್ನೋವಾ ಟ್ಯಾಕ್ಸಿಗಿಂತ ಕಮ್ಮಿ ಬಾಡಿಗೆಗೆ ಸಿಗುತ್ತಿದೆ. ಪೊಲೀಸರು ಕೇಳಿದರೆ ‘ಸಂಬಂಧಿಕರು’ ಅನ್ನಿ ಎಂದಿದ್ದಾರೆ. ಹೋಗಬಹುದಾ?
– ಓದುಗರು, ತುಮಕೂರು

ಉತ್ತರ: ಹೋಗಬೇಡಿ. ಪೊಲೀಸರ ಮುಂದೆ ಸುಳ್ಳು ಹೇಳಬೇಕಾದ ಗಾಡಿಯಲ್ಲಿ ವಿಮಾ ಕಂಪನಿಯ ಮುಂದೆಯೂ ಸುಳ್ಳೇ ಹೇಳಬೇಕಾಗುತ್ತದೆ. ವೈಟ್ ಬೋರ್ಡ್ ಅಂದರೆ ಸ್ವಂತ ಬಳಕೆಯ ಗಾಡಿ. ಅದನ್ನು ಬಾಡಿಗೆಗೆ ಓಡಿಸಿದರೆ ಪಾಲಿಸಿಯ ಷರತ್ತು ಮುರಿದಂತೆ. ಅಪಘಾತ ಆದಾಗ ಕಂಪನಿಯವರು ತನಿಖೆಗೆ ಜನ ಕಳಿಸುತ್ತಾರೆ. ನೀವು ಫೋನ್‌ಪೇ ಮಾಡಿದ ಅಡ್ವಾನ್ಸೇ ಅವರಿಗೆ ಸಾಕ್ಷಿ.

ನಿಜವಾಗಿಯೂ ಸಂಬಂಧಿಕರ ಕಾರಿನಲ್ಲಿ, ಬಾಡಿಗೆ ಕೊಡದೆ ಹೋಗುವುದಾದರೂ ಒಂದು ಮಾತು ಕೇಳಿ: ಬರೀ ಥರ್ಡ್ ಪಾರ್ಟಿನಾ, ಫುಲ್ ಇನ್ಶೂರೆನ್ಸಾ? ಸ್ವಂತ ಕಾರಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ದಾರಿಯಲ್ಲಿ ಹೋಗುವವರಿಗೆ ರಕ್ಷಣೆ ಇದೆ, ಒಳಗೆ ಕೂತ ನಿಮಗೆ ಇಲ್ಲ. ಫುಲ್ ಇನ್ಶೂರೆನ್ಸ್ ಅಂತ ನಾವು ಕರೆಯುವ ಪ್ಯಾಕೇಜ್ ಪಾಲಿಸಿಯಲ್ಲಿ ಒಳಗಿದ್ದವರೂ ಬರುತ್ತಾರೆ. ಮಾಲೀಕ-ಚಾಲಕರಿಗೆ ಬೇರೆ 15 ಲಕ್ಷದ ಅಪಘಾತ ವಿಮೆ ಇರುತ್ತದೆ, ಅದು ಅವರಿಗೆ ಮಾತ್ರ.

ಹಳದಿ ಬೋರ್ಡ್ ಗಾಡಿ ಆದರೂ ಕಣ್ಣು ಮುಚ್ಚಿಕೊಂಡು ಹತ್ತಬೇಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ವಿಮೆ ಯಾವತ್ತಿನವರೆಗೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಯಾವತ್ತಿನವರೆಗೆ ಅಂತ ಅಲ್ಲೇ ಕಾಣುತ್ತದೆ. ಎರಡು ನಿಮಿಷದ ಕೆಲಸ. ಆಂಧ್ರಕ್ಕೆ ಪರ್ಮಿಟ್ ಇದೆಯಾ ಅಂತಲೂ ಕೇಳಿ.

ನನ್ನ ಪ್ರಕಾರ ಕಾಗದಕ್ಕಿಂತ ದೊಡ್ಡ ವಿಷಯ ಡ್ರೈವರ್ ನಿದ್ದೆ. ರಾತ್ರಿಯೆಲ್ಲ ಓಡಿಸಿ ಬೆಳಗ್ಗೆ ಬೆಟ್ಟ ತಲುಪಿಸುತ್ತಾರೆ. ನೀವು ದರ್ಶನದ ಕ್ಯೂನಲ್ಲಿ ನಿಂತಿರುವಾಗ ಅವರು ಪಾರ್ಕಿಂಗ್‌ನಲ್ಲಿ, ಬಿಸಿಲಲ್ಲಿ, ಸೀಟು ಹಿಂದಕ್ಕೆ ಮಾಡಿಕೊಂಡು ಒರಗಿರುತ್ತಾರೆ. ಪಕ್ಕದ ಗಾಡಿಯವರು ಹಾರ್ನ್ ಹೊಡೆಯುತ್ತಾರೆ, ನೀವು ಮೂರು ಸಲ ಫೋನ್ ಮಾಡುತ್ತೀರಿ. ಇದು ನಿದ್ದೆಯಾ? ಅದೇ ರಾತ್ರಿ ‘ಈಗಲೇ ಹೊರಟುಬಿಡೋಣ, ನಾಳೆ ಆಫೀಸಿದೆ’ ಅನ್ನುವವರು ನಾವೇ. ವೃತ್ತಿಯ ಚಾಲಕರಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ ಕಾನೂನು ಹೇಳುತ್ತದೆ. ಅವರಿಗೂ ಒಂದು ಹಾಸಿಗೆ ಕೊಡಿಸಿ. ಬೆಳಗಿನ ಜಾವ 2ರಿಂದ 5ರವರೆಗೆ ಗಾಡಿ ನಿಲ್ಲಿಸಿ. ಆ ಹೊತ್ತಿನಲ್ಲಿ ಎಂಥವರ ಕಣ್ಣೂ ಎಳೆಯುತ್ತದೆ.

ಪ್ರಶ್ನೆ: ಅಪ್ಪನಿಗೆ 68 ವರ್ಷ, ಸ್ವಲ್ಪ ಬಿಪಿ ಇದೆ. ಕೇದಾರನಾಥಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಬ್ಯಾಂಕಿನ 20 ರೂಪಾಯಿ ವಿಮೆ ಇದೆ. ಅಷ್ಟು ಸಾಕಾ?
– ಓದುಗರು, ದಾವಣಗೆರೆ

ಉತ್ತರ: ಸಾಲುವುದಿಲ್ಲ. ಆದರೆ ಅದನ್ನು ಬಿಡಬೇಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ, ಶಾಶ್ವತವಾದ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ಸಿಗುತ್ತದೆ. ವಯಸ್ಸು 18ರಿಂದ 70. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಚಾರ್‌ಧಾಮ್ ಯಾತ್ರೆ ಏಪ್ರಿಲ್-ಮೇನಲ್ಲಿ ಶುರುವಾಗುತ್ತದೆ, ಅಂದರೆ ನೀವು ಬೆಟ್ಟದಲ್ಲಿರುವಾಗಲೇ ನವೀಕರಣದ ದಿನ ಬರಬಹುದು. ಖಾತೆಯಲ್ಲಿ ದುಡ್ಡಿಲ್ಲದೆ 20 ರೂಪಾಯಿ ಕಟ್ ಆಗದಿದ್ದರೆ ವಿಮೆ ನಿಂತುಹೋಗುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿಕೊಳ್ಳಿ.

ಈಗ ನೀವು ಕೇಳದ ವಿಷಯಕ್ಕೆ ಬರುತ್ತೇನೆ. ಹೃದಯಾಘಾತ ಅಪಘಾತ ಅಲ್ಲ. ಬೆಟ್ಟದಲ್ಲಿ ಉಸಿರು ಸಿಗದೆ ಕುಸಿದರೂ ವಿಮೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಅದು ಕಾಯಿಲೆಯೇ. ಅಪಘಾತ ವಿಮೆ ಅಂದರೆ ಹೊರಗಿನಿಂದ ಆದ ಪೆಟ್ಟು: ಬಿದ್ದದ್ದು, ಕಲ್ಲು ಉರುಳಿದ್ದು, ಗಾಡಿ ಗುದ್ದಿದ್ದು. 68ರ ಬಿಪಿ ಇರುವವರಿಗೆ ಕೇದಾರದಲ್ಲಿ ಜಾಸ್ತಿ ಭಯ ಇರುವುದು ಹೃದಯದ್ದು. ಅದಕ್ಕೆ ಬೇಕಾದದ್ದು ಆರೋಗ್ಯ ವಿಮೆ. ಹೊರಡುವ ವಾರ ಹೊಸದಾಗಿ ಮಾಡಿಸಿದರೆ ಪ್ರಯೋಜನ ಕಮ್ಮಿ. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಕಾಯಬೇಕು. ಈಗಾಗಲೇ ಇರುವ ಬಿಪಿಯಂಥದ್ದಕ್ಕೆ 3 ವರ್ಷದವರೆಗೂ ಕಾಯಬೇಕಾಗಬಹುದು. ಪ್ರಪೋಸಲ್ ಫಾರಂನಲ್ಲಿ ಬಿಪಿ ಮುಚ್ಚಿಡಲೇಬೇಡಿ.

ಅಪಘಾತಕ್ಕೆ 2 ಲಕ್ಷ ಕಮ್ಮಿ ಅನ್ನಿಸಿದರೆ ‘ಸರಳ ಸುರಕ್ಷಾ ಬಿಮಾ’ ಕೇಳಿ. ಇದು ವಿಮಾ ನಿಯಂತ್ರಣ ಪ್ರಾಧಿಕಾರ 2021ರಲ್ಲಿ ತಂದ ಏಕರೂಪದ ಅಪಘಾತ ಪಾಲಿಸಿ. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ. ಎರಡೂವರೆ ಲಕ್ಷದಿಂದ 1 ಕೋಟಿವರೆಗೆ ಮಾಡಿಸಬಹುದು, 70ರವರೆಗೆ ಸೇರಬಹುದು. ಅಪಘಾತದ ಆಸ್ಪತ್ರೆ ಖರ್ಚನ್ನು ಐಚ್ಛಿಕವಾಗಿ ಸೇರಿಸಿಕೊಳ್ಳಲೂ ಅವಕಾಶ ಇದೆ. ಹೆಲಿಕಾಪ್ಟರಿನಲ್ಲಿ ಹೋಗುವುದಾದರೆ ‘ಟಿಕೆಟ್ ಕೊಂಡ ಪ್ರಯಾಣಿಕರಿಗೆ ಹೆಲಿಕಾಪ್ಟರ್ ಅಪಘಾತ ಸೇರಿದೆಯಾ’ ಅಂತ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. 2025ರ ಜೂನ್ 15ರಂದು ಗೌರಿಕುಂಡದ ಹತ್ತಿರ ಹೆಲಿಕಾಪ್ಟರ್ ಬಿದ್ದು ಅದರಲ್ಲಿದ್ದ 7 ಜನರೂ ಹೋದರು.

ಕೇದಾರ ಇರುವುದು 3,583 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡು ಪಟ್ಟು. ಹೃಷಿಕೇಶದಿಂದ ಒಂದೇ ಓಟಕ್ಕೆ ಮೇಲೆ ಹೋಗಬೇಡಿ. ಗುಪ್ತಕಾಶಿಯಲ್ಲಿ ಒಂದು ದಿನ ಜಾಸ್ತಿ ಇರಿ. ತಲೆನೋವು, ವಾಂತಿ, ನಡೆಯುವಾಗ ಓಲಾಡುವುದು ಶುರುವಾದರೆ ದರ್ಶನ ಇನ್ನು ಅರ್ಧ ಗಂಟೆ ದೂರ ಇದ್ದರೂ ಕೆಳಗೆ ಇಳಿಸಿ. ಬಿಪಿ ಮಾತ್ರೆ ಕೈಚೀಲದಲ್ಲಿರಲಿ. ಕುದುರೆಯ ಮೇಲೆ ಹೋಗುವ ಲಗೇಜಿನಲ್ಲಿ ಹಾಕಬೇಡಿ.

ಪ್ರಶ್ನೆ: ರೈಲು ಟಿಕೆಟ್ ಬುಕ್ ಮಾಡುವಾಗ ಬರುವ 45 ಪೈಸೆ ವಿಮೆಯಿಂದ ಏನಾದರೂ ಪ್ರಯೋಜನ ಇದೆಯಾ, ಸುಮ್ನೆನಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇದೆ. ಹಾಕಿ. ರೈಲು ಅಪಘಾತದಲ್ಲಿ ಸಾವಾದರೆ 10 ಲಕ್ಷ, ಗಾಯಕ್ಕೆ ಆಸ್ಪತ್ರೆ ಖರ್ಚು 2 ಲಕ್ಷದವರೆಗೆ ಸಿಗುತ್ತದೆ. ಐಆರ್‌ಸಿಟಿಸಿಯಲ್ಲಿ ಮಾಡಿದ ಇ-ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ ಆಗಿರಬೇಕು. ಬುಕ್ ಆದಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕ್ ತೆರೆದು ನಾಮಿನಿ ಹೆಸರು ತುಂಬಿ. ಬಹಳ ಜನ ಅದನ್ನು ಜಾಹೀರಾತು ಅಂದುಕೊಂಡು ಅಳಿಸುತ್ತಾರೆ. ಕೌಂಟರ್ ಟಿಕೆಟಿನವರಿಗೆ ಈ ವಿಮೆ ಇಲ್ಲ. ಆದರೆ ಸರಿಯಾದ ಟಿಕೆಟ್ ಇದ್ದವರಿಗೆಲ್ಲ ರೈಲ್ವೆ ಕಾಯ್ದೆಯಡಿ ಕ್ಲೇಮ್ಸ್ ಟ್ರಿಬ್ಯೂನಲ್‌ನಿಂದ ಪರಿಹಾರ ಕೇಳುವ ಹಕ್ಕಿದೆ, ಸಾವಿಗೆ 8 ಲಕ್ಷ. ಟಿಕೆಟ್ ಫೋಟೊ ಮನೆಯಲ್ಲಿರುವವರಿಗೆ ವಾಟ್ಸ್‌ಆ್ಯಪ್ ಮಾಡಿಡಿ.

ಬಸ್ಸಿಗೂ ಇದೇ ಮಾತು. ಕೆಎಸ್‌ಆರ್‌ಟಿಸಿ ಬಸ್ ಅಪಘಾತದಲ್ಲಿ ಪ್ರಯಾಣಿಕರು ಸತ್ತರೆ ಪರಿಹಾರ ನಿಧಿಯಿಂದ 10 ಲಕ್ಷ ಕೊಡುತ್ತಾರೆ. 2024ರ ಜನವರಿಗೆ ಮೊದಲು ಅದು 3 ಲಕ್ಷ ಇತ್ತು. ಮಹಿಳೆಯರೂ ಶೂನ್ಯ ಟಿಕೆಟನ್ನು ಇಳಿಯುವವರೆಗೆ ಬಿಸಾಡಬೇಡಿ.

ಪ್ರಶ್ನೆ: ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತೇವೆ. ನಡೆದು ಹೋಗುವವರಿಗೆ ಯಾವ ವಿಮೆ?
– ಓದುಗರು, ಬಾಗಲಕೋಟೆ

ಉತ್ತರ: ಮೇಲೆ ಹೇಳಿದ 20 ರೂಪಾಯಿ ವಿಮೆ, ಸರಳ ಸುರಕ್ಷಾ ಎರಡೂ ನಡೆದು ಹೋಗುವವರಿಗೂ ಅನ್ವಯ. ಎರಡೂ ಇದ್ದರೆ ಸಾವಿನ ಪರಿಹಾರ ಎರಡರಿಂದಲೂ ಬರುತ್ತದೆ. ಗಾಡಿ ಗುದ್ದಿದರೆ ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಬಹುದು. ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆ ಇದೆ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಹಿಟ್ ಆ್ಯಂಡ್ ರನ್ ಪರಿಹಾರ ಇದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಇದು ಎಷ್ಟೋ ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ.

2025ರ ಮೇನಿಂದ ಇನ್ನೊಂದು ಅನುಕೂಲ ಬಂದಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಗುರುತಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಯಾವ ರಾಜ್ಯದಲ್ಲಿ ಆದರೂ ಸರಿ. ಮೊದಲು 112ಕ್ಕೆ ಫೋನ್ ಮಾಡಿ.

ಬಿಸಿಲಿಗೆ ಹೆದರಿ ರಾತ್ರಿ, ನಸುಕಿನಲ್ಲಿ ನಡೆಯುತ್ತೀರಿ. ಸರಿಯೇ. ಆದರೆ ರಸ್ತೆಯ ಬಲಗಡೆ, ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಗುಂಪಿನ ಮುಂದೆ ಒಬ್ಬರು, ಹಿಂದೆ ಒಬ್ಬರು ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಲಿ. ದಣಿದವರು ರಸ್ತೆ ಪಕ್ಕದಲ್ಲೇ ಟವಲ್ ಹಾಸಿ ಮಲಗುವುದಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನ ಹರಕೆ ಹೊರಬೇಡಿ. ಕಾಲಿಗೆ ಸ್ಪರ್ಶ ಕಮ್ಮಿ ಇದ್ದರೆ ಡಾಂಬರಿನ ಸುಟ್ಟ ಗಾಯ ಗೊತ್ತೇ ಆಗುವುದಿಲ್ಲ. ಮಲ್ಲಯ್ಯ ಚಪ್ಪಲಿಗೆ ಸಿಟ್ಟಾಗುವುದಿಲ್ಲ ಅಂತ ನನ್ನ ನಂಬಿಕೆ.

ಪ್ರಶ್ನೆ: ದೇವಸ್ಥಾನದವರೇ ಭಕ್ತರಿಗೆ ವಿಮೆ ಮಾಡಿಸಿರುತ್ತಾರಂತೆ, ನಿಜವಾ?
– ಓದುಗರು, ಮಡಿಕೇರಿ

ಉತ್ತರ: ಕೆಲವು ಕಡೆ ನಿಜ. ಶಬರಿಮಲೆ, ಅಮರನಾಥ, ವೈಷ್ಣೋದೇವಿಯಲ್ಲಿ ಇದೆ. ಆದರೆ ಹೆಸರು ನೋಂದಾಯಿಸಿಕೊಂಡವರಿಗೆ. ಶಬರಿಮಲೆಗೆ ವರ್ಚುವಲ್ ಕ್ಯೂ (ಆನ್‌ಲೈನ್ ದರ್ಶನ ನೋಂದಣಿ) ಬುಕ್ ಮಾಡದೆ ಯಾರದೋ ಪಾಸ್‌ನಲ್ಲಿ ಹೋದರೆ ದಾಖಲೆಯಲ್ಲಿ ನೀವು ಅಲ್ಲಿಗೆ ಹೋಗೇ ಇಲ್ಲ. ಈ ವಿಮೆಗಳಿಗೆ ಜಾಗದ ಮಿತಿಯೂ ಇರುತ್ತದೆ, ಮನೆ ಬಾಗಿಲಿಂದ ಶುರುವಾಗುವುದಿಲ್ಲ.

ನೂಕುನುಗ್ಗಲಿನಲ್ಲಿ ಸಿಕ್ಕರೆ ಮಾತ್ರ ಒಂದು ನೆನಪಿಡಿ. ಅಲ್ಲಿ ಜನ ತುಳಿತಕ್ಕಿಂತ ಜಾಸ್ತಿ ಉಸಿರು ಕಟ್ಟಿ ಸಾಯುತ್ತಾರೆ, ನಿಂತಲ್ಲೇ. ಕೈ ಎರಡನ್ನೂ ಎದೆಯ ಮುಂದೆ ಮಡಚಿ ಉಸಿರಾಟಕ್ಕೆ ಜಾಗ ಮಾಡಿಕೊಳ್ಳಿ, ಓರೆಯಾಗಿ ಅಂಚಿನ ಕಡೆ ಸರಿಯಿರಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ.

ಪ್ರಶ್ನೆ: ಚಿಕ್ಕಪ್ಪ ಕ್ಷೇತ್ರವೊಂದರ ಸ್ನಾನಘಟ್ಟದಲ್ಲಿ ಕಾಲು ಜಾರಿ ಮುಳುಗಿ ತೀರಿಕೊಂಡರು. ಪೋಸ್ಟ್‌ಮಾರ್ಟಂ ಬೇಡ ಅಂತ ಹಿರಿಯರು ಹೇಳಿದರು, ಊರಿಗೆ ತಂದು ಸಂಸ್ಕಾರ ಮಾಡಿದೆವು. ಈಗ ಚಿಕ್ಕಮ್ಮ 20 ರೂಪಾಯಿ ವಿಮೆಯ ದುಡ್ಡು ಕೇಳಲು ಬ್ಯಾಂಕಿಗೆ ಹೋದರೆ ಪೊಲೀಸ್ ದಾಖಲೆ ಕೇಳುತ್ತಾರೆ. ಏನು ಮಾಡುವುದು?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಹಿರಿಯರನ್ನು ದೂರುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಬ್ಯಾಂಕಿನವರು ಕೇಳುತ್ತಿರುವುದೂ ನಿಯಮದ ಪ್ರಕಾರವೇ. ನೀರಿನಲ್ಲಿ ಮುಳುಗಿದ ಸಾವಿಗೆ ಪೊಲೀಸ್ ವರದಿ, ಪೋಸ್ಟ್‌ಮಾರ್ಟಂ ವರದಿ ಬೇಕು. ಇಲ್ಲದಿದ್ದರೆ ಕಾಲು ಜಾರಿತೋ, ನೀರಿನಲ್ಲಿ ಹೃದಯ ನಿಂತಿತೋ ಅಂತ ಕಂಪನಿಗೆ ಗೊತ್ತಾಗುವುದಿಲ್ಲ.

ಮೊದಲು ಆ ಊರಿನ ಠಾಣೆಗೆ ಹೋಗಿ. ದೇಹ ಮೇಲೆತ್ತುವಾಗ ಪೊಲೀಸರು ಅಥವಾ ಅಗ್ನಿಶಾಮಕದವರು ಬಂದಿದ್ದರೆ ಅಸ್ವಾಭಾವಿಕ ಸಾವು ಅಂತ ಯುಡಿಆರ್ ದಾಖಲಾಗಿರಬಹುದು, ಪ್ರತಿ ಕೇಳಿ. ಅಲ್ಲಿನ ಆಸ್ಪತ್ರೆಗೆ ಒಯ್ದಿದ್ದರೆ ಒಪಿಡಿ ಚೀಟಿ, ಅಲ್ಲಿನ ರಿಜಿಸ್ಟರ್ ನಕಲು ಪಡೆಯಿರಿ. ಆಂಬ್ಯುಲೆನ್ಸ್ ರಸೀದಿ, ಪತ್ರಿಕೆಯಲ್ಲಿ ಬಂದ ಸುದ್ದಿ, ಮರಣ ಪ್ರಮಾಣಪತ್ರ ಎಲ್ಲ ಸೇರಿಸಿ. ಬ್ಯಾಂಕಿನಲ್ಲಿ ಬಾಯಿಮಾತಿನ ‘ಆಗಲ್ಲ’ ಕೇಳಿಕೊಂಡು ವಾಪಸ್ ಬರಬೇಡಿ. ಕ್ಲೇಮ್ ಫಾರಂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 30 ದಿನದೊಳಗೆ ತಿಳಿಸಬೇಕಿತ್ತು ಅಂದರೆ ತಡವಾದ ಕಾರಣ ಬರೆದುಕೊಡಿ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮ್ ತಳ್ಳಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರವೇ ಕಂಪನಿಗಳಿಗೆ ಹೇಳಿದೆ.

ಪೊಲೀಸ್ ದಾಖಲೆ ಏನೂ ಇಲ್ಲದಿದ್ದರೆ ದುಡ್ಡು ಬರುವುದು ಕಷ್ಟ, ಅದನ್ನು ಚಿಕ್ಕಮ್ಮನಿಗೆ ಈಗಲೇ ಹೇಳಿಬಿಡಿ. ಆದರೂ ತಿರಸ್ಕರಿಸುವುದಾದರೆ ಕಂಪನಿ ಬರಹದಲ್ಲಿ ತಿಳಿಸಲಿ. ಆ ಪತ್ರ ಹಿಡಿದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ. ಫೀಸಿಲ್ಲ, ವಕೀಲರೂ ಬೇಡ. ಚಿಕ್ಕಪ್ಪನ ಖಾತೆಯಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ ಆಗುತ್ತಿತ್ತಾ ಅಂತಲೂ ಪಾಸ್‌ಬುಕ್ ನೋಡಿ. ಅದು ಜೀವನ್ ಜ್ಯೋತಿ ವಿಮೆ. ಅದಕ್ಕೆ ಅಪಘಾತವೇ ಆಗಿರಬೇಕು ಅಂತೇನಿಲ್ಲ, ಬೇರೆಯೇ 2 ಲಕ್ಷ ಸಿಗುತ್ತದೆ.