ಎತ್ತೋಕೆ ನಾಲ್ಕು ಜನ ರೆಡಿ, ರ‍್ಯಾಂಪಿಗೆ ಮಾತ್ರ ದುಡ್ಡಿಲ್ಲ

ಈ ತಿಂಗಳು ಬಂದ ಕಾಗದಗಳಲ್ಲಿ ಮೈಸೂರಿನ ಹಿರಿಯ ಓದುಗರೊಬ್ಬರದ್ದಕ್ಕೇ ಪೂರ್ತಿ ಪುಟ ಕೊಡ್ತಿದೀನಿ, ಉಳಿದವರು ಕ್ಷಮಿಸ್ಬೇಕು. ಇವರು ತಮ್ಮ ಬಡಾವಣೆ ಸಂಘದ ಪದಾಧಿಕಾರಿ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ವಿಷಯ ಇಷ್ಟು. ಅವರ ಸಮುದಾಯ ಭವನದ ಬಾಗಿಲಿಗೆ ಮೂರು ಮೆಟ್ಲು. ವೀಲ್‌ಚೇರಲ್ಲಿ ಓಡಾಡೋ ಹುಡುಗನೊಬ್ಬ ರ‍್ಯಾಂಪ್ ಕಟ್ಸಿ ಅಂತ ಅರ್ಜಿ ಕೊಟ್ಟಿದಾನೆ. "ಇಡೀ ಬಡಾವಣೆಗೆ ವೀಲ್‌ಚೇರಿನವನು ಅವನೊಬ್ಬನೇ, ನಾವು ನಾಲ್ಕು ಜನ ಸೇರಿ ಎತ್ತಿ ಒಳಗೆ ಕೂರಿಸ್ತೀವಿ ಅಂದ್ರೂ ಒಪ್ಪಲ್ಲ, ಮೊಂಡ, ಮಾತೆತ್ತಿದ್ರೆ ಕಾನೂನು ತೋರಿಸ್ತಾನೆ, ಮನುಷ್ಯತ್ವಕ್ಕೆ ಬೆಲೆನೇ ಇಲ್ವಾ" ಅಂತ ಕೇಳಿದಾರೆ.

ದುಡ್ಡಿನ ಮಾತು ಮೊದ್ಲು ಮುಗಿಸ್ಬಿಡೋಣ. ಸಂಘದ ಖಾತೆಯಲ್ಲಿ ಎಷ್ಟಿರುತ್ತೆ, ವರ್ಷದ ಚಂದಾ ವಸೂಲಿ ಮಾಡೋಷ್ಟರಲ್ಲಿ ಚಪ್ಪಲಿ ಹೇಗೆ ಸವೆಯುತ್ತೆ, ಎಲ್ಲ ಗೊತ್ತು. ನಿಮ್ಮ ಕಷ್ಟ ನಿಜ. ಆಯ್ತಾ? ಇನ್ನು ನಾನು ಆ ಹುಡುಗನ ಕಡೆ.

ಅಲ್ಲ ಸ್ವಾಮಿ, ಮದುವೆಗೆ ಬಂದಿರೋ ಅಷ್ಟೂ ಜನದ ಮುಂದೆ ನಿಮ್ಮ ಕಂಕುಳಿಗೆ ಕೈ ಹಾಕಿ, ಪಂಚೆ ಸರಿದಿದ್ಯಾ ಇಲ್ವಾ ನೋಡದೆ, "ಏ ಹುಷಾರು, ಕಾಲು ಹಿಡ್ಕೋ" ಅಂತ ಕೂಗ್ತಾ ನಾಲ್ಕು ಜನ ಎತ್ಕೊಂಡು ಹೋದ್ರೆ ನಿಮಗೆ ಹೇಗನ್ಸುತ್ತೆ? ಹೋಗ್ಲಿ, ಒಳಗೆ ಹೋದ್ರಿ. ಅರ್ಧ ಗಂಟೆ ಬಿಟ್ಟು ಬಾತ್‌ರೂಮಿಗೆ ಹೋಗ್ಬೇಕು ಅನ್ಸುತ್ತೆ, ಆಗ ಆ ನಾಲ್ವರು ಊಟದ ಪಂಕ್ತಿಲಿ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಕೂತಿರ್ತಾರೆ. ಮನೆಗೆ ಹೊರಡ್ಬೇಕಾದ್ರೂ ಅವರ ಕೈ ತೊಳೆದಾಗ್ಬೇಕು. ಆ ಹುಡುಗ ಬೇಡ ಅಂತಿರೋದು ನಿಮ್ಮ ಪ್ರೀತಿನಲ್ಲ, ಈ ಕಾಯೋ ಕೆಲಸನ.

ನಮ್ಮ ಸೋದರತ್ತೆಗೆ ಮಂಡಿ ಹೋದ ಮೇಲೆ ಒಂದು ಕಲ್ಯಾಣ ಮಂಟಪದಲ್ಲಿ ಇದನ್ನೇ ನೋಡ್ದೆ. ಊಟದ ಹಾಲ್ ಬೇಸ್‌ಮೆಂಟಲ್ಲಿ, ಲಿಫ್ಟ್ ಇಲ್ಲ. ಎಲ್ರೂ ತುಂಬಾ ಒಳ್ಳೆಯವ್ರು, ಮೇಲಕ್ಕೇ ಎಲೆ ತಂದ್ಕೊಟ್ರು, ಬಾಳೆಲೆ ಪ್ಲಾಸ್ಟಿಕ್ ಕುರ್ಚಿ ಮೇಲೆ. ಸಾರು ಬಂದಾಗ ಅನ್ನ ಖಾಲಿ, ಮಜ್ಜಿಗೆ ಬರಲೇ ಇಲ್ಲ. ನೆಂಟರ ಜೊತೆ ಕೂತು ಹರಟೆ ಹೊಡೆಯೋಕೆ ಅಂತಲೇ ಮದುವೆಗೆ ಬರೋ ಹೆಂಗಸು ಅದು. ಮುಂದಿನ ಮದುವೆಗೆ ಕರೆದ್ರೆ "ನೀವು ಹೋಗ್ಬನ್ನಿ, ನಂಗೆ ಯಾಕೋ ಸುಸ್ತು" ಅಂದ್ರು.

ನಿಮ್ಮ "ಅವನೊಬ್ಬನೇ" ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಸಿಕ್ಕಿದ್ರು, ಅವರೆಲ್ಲ ಎಲ್ಲಿದಾರೆ? ಮೆಟ್ಲು ನೋಡಿ ಮನೇಲಿದಾರೆ. ರ‍್ಯಾಂಪ್ ಹಾಕಿ ನೋಡಿ, ಕೋಲು ಹಿಡಿದ ತಾತಂದಿರು, ಗರ್ಭಿಣಿಯರು, ಮಗು ಗಾಡಿ ತಳ್ಳೋರು, ಸಿಲಿಂಡರ್ ಉರುಳಿಸ್ಕೊಂಡು ಬರೋ ಅಡುಗೆ ಭಟ್ರು, ಯಾರೂ ಆಮೇಲೆ ಮೆಟ್ಲ ಕಡೆ ತಿರುಗಿ ನೋಡಲ್ಲ.

ಕಾನೂನು ತೋರಿಸ್ತಾನೆ ಅಂತ ಸಿಟ್ಟು ಮಾಡ್ಕೊಂಡಿದೀರಿ. ಮನವಿ ಕೇಳಿದಿದ್ರೆ ತೋರಿಸ್ತಿದ್ನಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕರು ಬಳಸೋ ಕಟ್ಟಡ ಖಾಸಗಿಯದಾದ್ರೂ ಸಾರ್ವಜನಿಕ ಕಟ್ಟಡವೇ. ಅಂಗವಿಕಲರು ಸಲೀಸಾಗಿ ಓಡಾಡೋ ಹಾಗೆ ಹಳೇ ಕಟ್ಟಡ ಸರಿಪಡಿಸೋಕೆ ಕೊಟ್ಟ 5 ವರ್ಷ 2022ಕ್ಕೇ ಮುಗೀತು. ಕಣ್ಣು ಕಾಣದ ರಾಜೀವ್ ರತೂರಿ ಅನ್ನೋರು 2005ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ (ಮೆಟ್ಟಿಲೇ ನೋಡಿ, ಅಲ್ಲೂ!) ಹೂಡಿದ ಕೇಸಲ್ಲಿ 2024ರ ನವೆಂಬರಲ್ಲಿ ಕೋರ್ಟು ಹೇಳಿದ್ದು ಏನು ಗೊತ್ತಾ, ಈ ನಿಯಮಗಳನ್ನ ಬರೀ ಸಲಹೆ ಅಂತ ಇಟ್ರೆ ಆಗಲ್ಲ, ಕಡ್ಡಾಯ ಮಾಡಿ ಅಂತ. ಅಷ್ಟು ಹೇಳಿಸ್ಕೊಳ್ಳೋಕೆ ಸುಮಾರು 19 ವರ್ಷ. ನಿಮ್ಮ ಹುಡುಗನ ಮೊಂಡುತನ ಇದರ ಮುಂದೆ ಎಷ್ಟರದ್ದು.

ನನಗೆ ನಿಜವಾದ ಸಿಟ್ಟು ಬರೋದು ಡಿಸೆಂಬರ್ 3ರಂದು. ವಿಶ್ವ ಅಂಗವಿಕಲರ ದಿನ ಅಂತ ಕಾರ್ಯಕ್ರಮ, ಸ್ಟೇಜಿಗೆ ಆರು ಮೆಟ್ಲು, ಸನ್ಮಾನ ಆಗ್ಬೇಕಾದವರನ್ನೇ ಎತ್ತಿ ಮೇಲಿಡ್ತಾರೆ, ಶಾಲು, ಹಾರ, ಫೋಟೋ, ಮತ್ತೆ ಎತ್ತಿ ಕೆಳಗಿಳಿಸ್ತಾರೆ. ಕೈಕಾಲು ಕಳ್ಕೊಂಡು ಬೆಳೆದು ರಾಜ್ಯದ ಅಂಗವಿಕಲರ ಕಮಿಷನರ್ ಆಗಿದ್ದ ಕೆ. ಎಸ್. ರಾಜಣ್ಣನವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಆ ವಿಡಿಯೋ ಹಾಕಿ ಕಣ್ಣೀರಿನ ಇಮೋಜಿ ಒತ್ತಿದವರೇ, ಪಕ್ಕದ ಬೀದಿ ಹುಡುಗ ಅರ್ಜಿ ಕೊಟ್ರೆ ಮೊಂಡ ಅಂತಾರೆ. ಸರ್ಕಾರಿ ಆಫೀಸುಗಳಲ್ಲಿ ವೀಲ್‌ಚೇರ್ ಬೋರ್ಡು ಹಾಕಿರೋ ಟಾಯ್ಲೆಟ್ಟಿಗೆ ಬೀಗ, ಒಳಗೆ ಪೊರಕೆ, ಮುರಿದ ಕುರ್ಚಿ. ಇರೋ ರ‍್ಯಾಂಪಿನ ಬುಡದಲ್ಲಿ ಸಾಲಾಗಿ ಸ್ಕೂಟರು. ಎಲೆಕ್ಷನ್ ಬಂದಾಗ ಮಾತ್ರ ಬೂತಿನ ಮುಂದೆ ಹಲಗೆ ಬೀಳುತ್ತೆ, ಮರುದಿನ ಹಲಗೆನೂ ಇಲ್ಲ, ಕೇಳೋರೂ ಇಲ್ಲ.

ಇರ್ಲಿ. ನೀವು ಕಾಗದ ಬರೆದು ಕೇಳಿದ್ರಲ್ಲ, ಎಷ್ಟೋ ಸಂಘದವ್ರು ಅರ್ಜಿನ ಫೈಲಲ್ಲಿಟ್ಟು ಸುಮ್ನಿರ್ತಾರೆ, ಅದಕ್ಕೇ ನಿಮ್ಮ ಮೇಲೆ ನಂಬಿಕೆ ಇದೆ. ಕಟ್ಸೋದಾದ್ರೆ ಸ್ಕೂಟರ್ ಹತ್ತಿಸೋಕೆ ಹಾಕ್ತಾರಲ್ಲ ಅಂಥ ಇಳಿಜಾರು ಬೇಡ, ಅದರಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತೆ. ಒಂದಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ನಿಮ್ಮ ಮೂರು ಮೆಟ್ಲು ಒಂದೂವರೆ ಅಡಿ ಅಂದ್ಕೊಂಡ್ರೆ 18 ಅಡಿ, ಜಾಗ ಸಾಲದಿದ್ರೆ ಮಧ್ಯೆ ಸಮತಟ್ಟು ಕೊಟ್ಟು ತಿರುಗಿಸಿ. ಎರಡೂ ಕಡೆ ಕಂಬಿ, ನುಣುಪು ಟೈಲ್ಸ್ ಬೇಡ, ಮಳೆಗಾಲ ಇದೆ. ಮೇಸ್ತ್ರಿ ಅಳತೆ ತಗೊಳ್ಳೋ ದಿನ ಆ ಹುಡುಗನನ್ನೂ ಕರೀರಿ. ಮತ್ತೆ ಇದನ್ನ ಚರ್ಚೆ ಮಾಡೋ ಜನರಲ್ ಬಾಡಿ ಮೀಟಿಂಗನ್ನ ದಯವಿಟ್ಟು ಭವನದ ಒಳಗೆ ಇಡ್ಬೇಡಿ, ಹೊರಗಡೆ ಶಾಮಿಯಾನ ಹಾಕ್ಸಿ.