ಎಲ್ಲಿಗೆ ಕೊಡಲಿ ಅನ್ನುವ ಪ್ರಶ್ನೆಯೇ ನಿದ್ದೆ ಕೆಡಿಸಿದಾಗ

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಹಾಸನದ ನನ್ನ ಸಲಹಾ ಕೋಣೆಗೆ ಒಂದು ಬಗೆಯ ಜಗಳ ಪದೇ ಪದೇ ಬರುತ್ತಿದೆ. ಕೈಯಲ್ಲಿ ದುಡ್ಡಿದೆ, ಕೊಡುವ ಮನಸ್ಸೂ ಇದೆ. ಆದರೆ ಯಾರಿಗೆ ಅನ್ನುವಲ್ಲಿ ಮನೆಯವರು ತಲೆಗೊಂದು ಮಾತಾಡುತ್ತಾರೆ. ಊರ ದೇವಸ್ಥಾನಕ್ಕಾ, ಓದಿದ ಶಾಲೆಗಾ, ವೃದ್ಧಾಶ್ರಮಕ್ಕಾ? ಸಾಮಾನ್ಯವಾಗಿ ಇಷ್ಟೇ. ಸುಮಾ ತಂದ ಪಟ್ಟಿಯಲ್ಲಿ ಮಾತ್ರ ಬರ್ಕ್ಲಿ, ಲಂಡನ್, ವಾಷಿಂಗ್ಟನ್ ಇದ್ದವು. (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸಕಲೇಶಪುರದ ಕಡೆಯವರು. ಬೆಂಗಳೂರಿನ ಕಂಪನಿಯ ಕೆಲಸವನ್ನು ತೋಟದ ಮನೆಯಿಂದಲೇ ಮಾಡುತ್ತಾರೆ. ಎಐ ಕೈಮೀರಿ ಹೋಗದಂತೆ ಕಾನೂನು, ನಿಯಮ ತರಲು ದುಡಿಯುವ ಸಂಸ್ಥೆಗಳಿಗೆ ಉಳಿತಾಯದ ಒಂದು ಪಾಲು ಕೊಡಬೇಕು ಅಂತ ಮನಸ್ಸು ಮಾಡಿದ್ದರು. ಯಾವ ಸಂಸ್ಥೆ ಅಂತ ಹುಡುಕಲು ಕೂತವರು ತಿಂಗಳುಗಟ್ಟಲೆ ಮೇಲೇಳಲಿಲ್ಲ. ರಾತ್ರಿ ಎರಡಾದರೂ ಲ್ಯಾಪ್‌ಟಾಪ್ ಮುಂದೆ. ಗಂಡ ಕರೆದುಕೊಂಡು ಬಂದರು. "ದುಡ್ಡು ಕೊಡ್ಲಿ ಮೇಡಂ, ನಂದೇನೂ ತಕರಾರಿಲ್ಲ. ರಾತ್ರಿ ಮಲಗಿದ್ರೆ ಸಾಕು" ಅಂದರು. ಅತ್ತೆಯ ಮಾತು ಬೇರೆ. ತೋಟದ ಕಾರ್ಮಿಕರ ಲೈನ್ ಮನೆಗಳ ಹೆಂಚು ಒಡೆದು ಸೋರುತ್ತಿದೆ, ಅಮೆರಿಕದವರಿಗೆ ನಮ್ಮ ದುಡ್ಡು ಯಾಕೆ?

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, "ಅದು ಆತಂಕದ ಕಾಯಿಲೆ, ದಾನದ ವಿಷಯ ನೀವು ಎತ್ತಲೇಬಾರದಿತ್ತು" ಅಂದರು. ನಾನು ಒಪ್ಪುವುದಿಲ್ಲ. ನಿದ್ದೆ ಕೆಟ್ಟಿದ್ದು ನಿಜ, ಅದಕ್ಕೆ ಚಿಕಿತ್ಸೆ ಬೇಕು. ಆದರೆ ಭಯ ಕಲ್ಪನೆಯದಲ್ಲ. ಈ ತಂತ್ರಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟು ಇದೇ ಅಪಾಯದ ಬಗ್ಗೆ ಮಾತಾಡತೊಡಗಿದರು. ಅದೇ ವರ್ಷ ಇಂಗ್ಲೆಂಡಿನ ಬ್ಲೆಚ್ಲಿಯಲ್ಲಿ ಹೊರಟ ಎಐ ಸುರಕ್ಷತೆಯ ಘೋಷಣೆಗೆ ಭಾರತವೂ ಸೇರಿದೆ. ಸರ್ಕಾರಗಳು ಚಿಂತಿಸಿದರೆ ನೀತಿ, ತೋಟದ ಮನೆಯ ಹೆಂಗಸು ಚಿಂತಿಸಿದರೆ ಕಾಯಿಲೆ. ಇದು ಯಾವ ನ್ಯಾಯ?

ವಿಷಯ ತಿರುಗಿದ್ದು ಸುಮಾ ತಮ್ಮ ಎಕ್ಸೆಲ್ ಶೀಟ್ ತೋರಿಸಿದ ದಿನ. ಸಾಲು ಸಾಲು ಸಂಸ್ಥೆಗಳು, ಪ್ರತಿಯೊಂದಕ್ಕೂ ಅಂಕ, ಹಸಿರು ಹಳದಿ ಕೆಂಪು ಬಣ್ಣ. ಒಂದು ಸಂಸ್ಥೆಯ ಎದುರು ಕೆಂಪಿನಲ್ಲಿ 'ಸೋಲು' ಅಂತಿತ್ತು. ಏನಿದು ಅಂತ ಕೇಳಿದೆ.

ದೊಡ್ಡ ಎಐ ಕಂಪನಿಗಳಿಗೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 1047 ಅನ್ನುವ ಮಸೂದೆ ಬಂದಿತ್ತಂತೆ. ಈ ಸಂಸ್ಥೆ ಅದರ ಬೆನ್ನಿಗೆ ನಿಂತಿತ್ತು. ಎರಡೂ ಸದನದಲ್ಲಿ ಪಾಸಾಯಿತು. 2024ರ ಸೆಪ್ಟೆಂಬರ್ 29ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ವೀಟೊ ಹಾಕಿ ತಡೆದರು.

"ಅಲ್ಲಿಗೆ ಮುಗೀತಾ?"

"ಇಲ್ಲ, ಆ ಮಸೂದೆ ತಂದಿದ್ದ ಸೆನೆಟರೇ ಮುಂದಿನ ವರ್ಷ ಎಸ್‌ಬಿ 53 ತಂದ್ರು. ಸ್ವಲ್ಪ ಮೆದು. ಕಂಪನಿಗಳು ಸುರಕ್ಷತೆಗೆ ಏನು ಮಾಡ್ತೀವಿ ಅಂತ ಬಹಿರಂಗವಾಗಿ ಹೇಳಬೇಕು, ದೊಡ್ಡ ಅವಘಡ ಆದ್ರೆ ವರದಿ ಕೊಡಬೇಕು, ಒಳಗಿಂದ ಎಚ್ಚರಿಸಿದವರಿಗೆ ರಕ್ಷಣೆ ಇರುತ್ತೆ. ಅದಕ್ಕೆ ಸಹಿ ಬಿತ್ತು."

"ಯಾವಾಗ?"

ಫೋನಿನಲ್ಲಿ ನೋಡಿದರು. 2025ರ ಸೆಪ್ಟೆಂಬರ್ 29. ತಾರೀಖು ಅದೇ.

"ಹಾಗಾದ್ರೆ ಈ ಕೆಂಪು ಬಣ್ಣ?"

ತುಂಬ ಹೊತ್ತು ಶೀಟನ್ನೇ ನೋಡಿದರು. ಆಮೇಲೆ ಹೇಳಿದ್ದು ಶೀಟಿನ ವಿಷಯವಲ್ಲ. "ಸರಿಯಾದ ಕಡೆ ಕೊಟ್ಟುಬಿಟ್ರೆ ಆ ರಾತ್ರಿಯಿಂದ ನಿದ್ದೆ ಬರುತ್ತೆ ಅಂದ್ಕೊಂಡಿದ್ದೆ ಮೇಡಂ."

ಬರಲ್ಲ, ಅಂತ ನೇರವಾಗಿಯೇ ಹೇಳಿದೆ. ಕಟುವಾಯಿತು ಅನ್ನಿಸಬಹುದು. ಆದರೆ ನಿದ್ದೆಗೋಸ್ಕರ ಕೊಡುವವರಿಗೆ ಯಾವ ಸಂಸ್ಥೆಯೂ ಸಾಲದು, ಹುಡುಕಾಟ ಮುಗಿಯುವುದೂ ಇಲ್ಲ. ಕಾನೂನಿನ ಕೆಲಸದಲ್ಲಿ ಇನ್ನೂ ಕಷ್ಟ. ಬೋರ್‌ವೆಲ್ ತೆಗೆಸಿದರೆ ನೀರು ಬಂತೋ ಇಲ್ಲವೋ ಅವತ್ತೇ ಗೊತ್ತಾಗುತ್ತೆ. ಇಲ್ಲಿ ಈ ವರ್ಷದ ಸೋಲು ಮುಂದಿನ ವರ್ಷ ಏನಾಗುತ್ತೆ ಅಂತ ಆ ಸಂಸ್ಥೆಯವರಿಗೇ ಗೊತ್ತಿರುವುದಿಲ್ಲ. ನಿದ್ದೆಗೆ ಹಾಸನದಲ್ಲೇ ಮನೋವೈದ್ಯರ ಹತ್ತಿರ ಕಳಿಸಿದೆ. ದಾನದ ಮಾತು ಬೇರೆ ದಿನಕ್ಕೆ ಇಟ್ಟುಕೊಂಡೆವು.

ಆ ಶೀಟಿನಲ್ಲಿ ಎಷ್ಟು ದುಡ್ಡು ಅನ್ನುವ ಕಾಲಂ ಇರಲೇ ಇಲ್ಲ. ನಾನು ಮೊದಲು ಕೇಳಿದ್ದು ಅದನ್ನೇ. ಗಂಡ ಹೆಂಡತಿ ಕೂತು ಮೊತ್ತ ಬರೆಯಿರಿ, ಕೊನೆಯ ದಿನಾಂಕ ಬರೆಯಿರಿ, ಆಮೇಲೆ ಸಂಸ್ಥೆ ನೋಡೋಣ ಅಂದೆ. ಹೆಂಚಿನ ವಿಷಯದಲ್ಲಿ ನಾನು ಅತ್ತೆಯ ಪಕ್ಷ, ಆದರೆ ಕಾರಣ ಬೇರೆ. ದೊಡ್ಡ ತೋಟಗಳಲ್ಲಿ ಕಾರ್ಮಿಕರಿಗೆ ಸರಿಯಾದ ಮನೆ ಕೊಡುವುದು ಮಾಲೀಕರ ಮೇಲೆ ಕಾನೂನೇ ಹೊರಿಸಿದ ಹೊಣೆ. ಅದು ದಾನದ ಲೆಕ್ಕಕ್ಕೇ ಬರಲ್ಲ, ತೋಟದ ಖರ್ಚು. ಅದನ್ನು ಎಐ ಎದುರು ತೂಗುವುದೇ ತಪ್ಪು.

ಇನ್ನು ಸಂಸ್ಥೆ. ಯಾರು ಗೆಲ್ಲುತ್ತಾರೆ ಅನ್ನುವ ಪ್ರಶ್ನೆ ಬಿಡಿ, ಉತ್ತರ ಸಿಗುವ ಪ್ರಶ್ನೆ ಕೇಳಿ ಅಂದೆ. ಕೊಡಲು ಕಾನೂನು ಬಿಡುತ್ತಾ? ಅವರ ಪಟ್ಟಿಯಲ್ಲಿ ಅಮೆರಿಕದ ಚುನಾವಣೆಗೆ ಖರ್ಚು ಮಾಡುವ ಒಂದು ಸಮಿತಿ ಇತ್ತು. ಹೊರದೇಶದವರು ಅಂಥದಕ್ಕೆ ಕೊಡುವಂತೆಯೇ ಇಲ್ಲ. ಅಲ್ಲಿನ ದತ್ತಿ ಸಂಸ್ಥೆಗಳಿಗೆ ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ವ್ಯವಸ್ಥೆಯಲ್ಲಿ ಬ್ಯಾಂಕಿನ ಮೂಲಕ ಕಳಿಸಬಹುದು, ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿ ಮಾತ್ರ ಸಿಗಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇಲ್ಲಿನ ಸಂಸ್ಥೆಗೆ ಕೊಟ್ಟರೂ ಸಿಗಲ್ಲ. ಇದನ್ನೆಲ್ಲ ಆಡಿಟರ್ ಹತ್ತಿರ ಒಮ್ಮೆ ಕೂತು ಕೇಳಿದರೆ ಮುಗಿಯಿತು.

ಎರಡನೆಯದು, ಆ ಸಂಸ್ಥೆಯವರು ಯಾರ ದುಡ್ಡಿನಲ್ಲಿ ನಡೆಯುತ್ತಾರೆ? ಎಐ ಕಂಪನಿಯ ಹಣದಲ್ಲಿ ಬದುಕುವವರು ಅದೇ ಕಂಪನಿಗೆ ನಿಯಮ ಬರೆಯಲು ಸಲಹೆ ಕೊಟ್ಟರೆ ಎರಡು ಸಲ ಯೋಚಿಸಬೇಕು, ಅಲ್ವಾ? ಈ ಕ್ಷೇತ್ರ ಬೆರಳೆಣಿಕೆಯ ದೊಡ್ಡ ದಾನಿಗಳನ್ನೇ ನೆಚ್ಚಿಕೊಂಡಿದೆ ಅಂತ ಸುಮಾ ಅವರೇ ಹೇಳಿದರು. ಹಾಗಿದ್ದರೆ ಹೊರಗಿನ ಸಣ್ಣ ದಾನಿಗೂ ಬೆಲೆ ಇದೆ. ಮೂರನೆಯದನ್ನು ಅವರು ಮೇಲ್‌ನಲ್ಲೇ ಕೇಳಿದರು: ಇಷ್ಟು ಹಣ ಜಾಸ್ತಿ ಬಂದರೆ ಏನು ಮಾಡ್ತೀರಿ? ಒಬ್ಬರು ಸುಮ್ನೆ ಥ್ಯಾಂಕ್ಸ್ ಹೇಳಿದರು. ಇನ್ನೊಬ್ಬರು ಯಾವ ಹುದ್ದೆ ಖಾಲಿ ಇದೆ, ಎಷ್ಟು ತಿಂಗಳ ಸಂಬಳ ಆಗುತ್ತೆ ಅಂತ ಬರೆದರು. ದೊಡ್ಡ ಪಾಲು ಅವರಿಗೆ ಹೋಯಿತು. ಉಳಿದದ್ದು ಡಿಜಿಟಲ್ ಹಕ್ಕುಗಳ ಕೆಲಸ ಮಾಡುವ ಭಾರತದ ಸಂಸ್ಥೆಗೆ. 2025ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಎಐಗೆ ಸದ್ಯ ಪ್ರತ್ಯೇಕ ಕಾನೂನು ಬೇಡ ಅನ್ನುತ್ತದೆ, ಇಲ್ಲೂ ಮಾತಾಡುವವರು ಬೇಕು ಅನ್ನುವುದು ಸುಮಾ ವಾದ.

ಸಂಸ್ಥೆಯ ಹೆಸರು ಹೇಳಿ ಅಂತ ಕೇಳುವವರಿಗೆ: ಹೇಳಲ್ಲ. ಅದನ್ನು ಅಳೆಯುವ ಓದು ನನಗಿಲ್ಲ, ಸುಮಾಗೂ ನಾನು ಆರಿಸಿ ಕೊಡಲಿಲ್ಲ. ಹೆಂಚು ಮಳೆಗೆ ಮೊದಲೇ ಬದಲಾಯಿತು. ಅತ್ತೆ ಅಮೆರಿಕದ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕು ಅಂತೇನೂ ಇಲ್ಲ ಅಂತ ಸುಮಾಗೆ ಹೇಳಿದ್ದೇನೆ.